ಏಪ್ರಿಲ್‌ನಲ್ಲೂ ಹಸಿರೇ ಬೇಕಾ?

ಬಸವನಗುಡಿಯಲ್ಲಿ ಒಂದು ಭಾನುವಾರ ಬೆಳಿಗ್ಗೆ ಗೆಳೆಯರ ಬಳಗದ ಮುಂದೆ ಆಡಿದ ಮಾತಿದು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯ ಪ್ರಶ್ನೋತ್ತರವನ್ನು ಚಿಕ್ಕದು ಮಾಡಿದ್ದೇನೆ.

ಎಲ್ಲರಿಗೂ ನಮಸ್ಕಾರ. ವಿಷಯ ಕೇಳಿದ ಕೂಡಲೇ ನಿಮ್ಮಲ್ಲಿ ಕೆಲವರು "ಗಾಲ್ಫಾ? ನಮಗೂ ಅದಕ್ಕೂ ಏನ್ರೀ ಸಂಬಂಧ?" ಅಂದುಕೊಂಡಿರಬಹುದು. ತಪ್ಪೇನಿಲ್ಲ. ನಾನೂ ಗಾಲ್ಫ್ ಆಟಗಾರನಲ್ಲ. ಜಿಕೆವಿಕೆಯಲ್ಲಿ ಕೃಷಿ ಓದಿದವನು. ಆಮೇಲೆ ದುಡಿದದ್ದು ಮಾತ್ರ ರಾಗಿ, ಭತ್ತದ ಮೇಲಲ್ಲ, ಗಾಲ್ಫ್ ಕೋರ್ಸಿನ ಹುಲ್ಲಿನ ಮೇಲೆ. ಊರಿಗೆ ಹೋದರೆ "ಹುಲ್ಲು ಬೆಳೆಸೋಕೆ ಸಂಬಳ ಕೊಡ್ತಾರಾ?" ಅಂತ ಈಗಲೂ ಕೇಳುತ್ತಾರೆ. ಕೊಡುತ್ತಾರೆ. ಹಾಗೆ ಕೊಡುವ ದುಡ್ಡು ವರ್ಷವರ್ಷ ಏರುತ್ತಲೇ ಇದೆ. ಯಾಕೆ ಏರುತ್ತಿದೆ ಅನ್ನುವುದೇ ಇವತ್ತಿನ ಮಾತು.

ಗಾಲ್ಫ್ ದುಬಾರಿ ಅಂದರೆ ಜನ ಮೊದಲು ಬೆರಳು ತೋರಿಸುವುದು ಜಾಗದ ಕಡೆಗೆ. ಅದು ನಿಜವೇ. ಬೆಂಗಳೂರಿನ ನಡುವೆ ಅಷ್ಟು ಎಕರೆ ಖಾಲಿ ಜಾಗ ಅಂದರೆ ಇವತ್ತಿನ ಬೆಲೆಯಲ್ಲಿ ಲೆಕ್ಕಕ್ಕೇ ಸಿಗುವುದಿಲ್ಲ. ಕ್ಲಬ್ಬಿನ ಸದಸ್ಯತ್ವಕ್ಕೆ ಲಕ್ಷಗಟ್ಟಲೆ ಕೊಡಬೇಕು, ಕೊಟ್ಟರೂ ವರ್ಷಗಟ್ಟಲೆ ಕಾಯಬೇಕು. ಆದರೆ ಆ ಜಾಗ ಇವತ್ತು ಬಂದದ್ದಲ್ಲ. ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾದದ್ದು 1876ರಲ್ಲಿ. ಹಳೆ ವಿಮಾನ ನಿಲ್ದಾಣದ ರಸ್ತೆಯ ಕರ್ನಾಟಕ ಗಾಲ್ಫ್ ಅಸೋಸಿಯೇಷನ್, ಅಂದರೆ ಕೆಜಿಎ ಕೋರ್ಸು 1980ರ ದಶಕದ್ದು. ಜಾಗ ಎಂದೋ ಬಂದಾಗಿದೆ. ಪ್ರತಿ ವರ್ಷ ಹೊಸದಾಗಿ ಏರುವುದು ಹುಲ್ಲಿನ ಖರ್ಚು. ಅದರಲ್ಲಿ ದೊಡ್ಡ ಪಾಲು ಆಟಕ್ಕೆ ಬೇಕೇ ಬೇಕಾದದ್ದಲ್ಲ ಅನ್ನುವುದು ನನ್ನ ವಾದ. ಟಿವಿಯಲ್ಲಿ ಕಂಡ ಹುಲ್ಲು ನಮ್ಮಲ್ಲೂ ಇರಬೇಕು ಅನ್ನುವ ಹಟಕ್ಕೆ ಅದು ಹೋಗುತ್ತದೆ.

ಹಿಂದೆ ಹೇಗಿತ್ತು ಅಂತ ಸ್ವಲ್ಪ ನೋಡೋಣ. ನಮ್ಮ ದೇಶದ ಎಷ್ಟೋ ಹಳೆಯ ಕೋರ್ಸುಗಳಲ್ಲಿ ಗ್ರೀನ್ ಅನ್ನುವುದೇ ಇರಲಿಲ್ಲ. ಗ್ರೀನ್ ಅಂದರೆ ಕುಳಿಯ ಸುತ್ತ ಚೆಂಡನ್ನು ನೆಲದ ಮೇಲೆ ಉರುಳಿಸುವ ನುಣುಪಾದ ಜಾಗ. ಅದರ ಬದಲು ಬ್ರೌನ್ ಇರುತ್ತಿತ್ತು. ಮರಳಿಗೆ ಎಣ್ಣೆ ಬೆರೆಸಿ, ಹದ ಮಾಡಿ, ಒತ್ತಿ ಸಮ ಮಾಡಿದ ನೆಲ. ಒಬ್ಬರು ಆಡಿ ಹೋದ ಮೇಲೆ ಹೆಜ್ಜೆ ಗುರುತು ಹೋಗುವಂತೆ ಎಳೆದುಬಿಟ್ಟರೆ ಮುಂದಿನವರಿಗೆ ತಯಾರು. ನೀರು ಬೇಡ, ಗೊಬ್ಬರ ಬೇಡ, ಯಂತ್ರ ಬೇಡ. ಅದರ ಮೇಲೂ ಜನ ಆಡಿದರು, ಗೆದ್ದರು, ಸೋತರು, ಸಂಜೆ ಬಾರಿನಲ್ಲಿ ಕೂತು ಜಗಳವಾಡಿದರು. ಆಟ ನಿಲ್ಲಲಿಲ್ಲ.

ಈಗಿನ ಹುಲ್ಲಿಗೆ ಬರೋಣ. ಬೆಂಗಳೂರಿನ ಕೋರ್ಸುಗಳಲ್ಲಿ ಹೆಚ್ಚಾಗಿ ಇರುವುದು ಬರ್ಮುಡಾ ಹುಲ್ಲು. ಹೆಸರು ಕೇಳಿದರೆ ಹಡಗಿನಲ್ಲಿ ಬಂದ ಹಾಗೆ ಇದೆ, ಅಲ್ವಾ? ಅದು ನಮ್ಮ ಗರಿಕೆ. ಗಣೇಶನ ಹಬ್ಬಕ್ಕೆ ಗಾಂಧಿ ಬಜಾರಿನಲ್ಲಿ ಕಟ್ಟು ಕಟ್ಟಿ ಮಾರುತ್ತಾರಲ್ಲ, ಅದೇ ಜಾತಿ. ಹೊಲದಲ್ಲಿ ಬಂದರೆ ರೈತನಿಗೆ ತಲೆನೋವು. ಕಿತ್ತಷ್ಟೂ ಚಿಗುರುತ್ತದೆ. ಕೋರ್ಸಿನವರು ಬಳಸುವುದು ಈ ಗರಿಕೆಯನ್ನೂ ಆಫ್ರಿಕಾದ ಇನ್ನೊಂದು ಗರಿಕೆಯನ್ನೂ ಸೇರಿಸಿ ಮಾಡಿದ ಹೈಬ್ರಿಡ್ ತಳಿ. ಅಮೆರಿಕದ ಜಾರ್ಜಿಯಾ ರಾಜ್ಯದ ಟಿಫ್ಟನ್ ಊರಿನ ಸಂಶೋಧನಾ ಕೇಂದ್ರದಲ್ಲಿ ಹುಟ್ಟಿದ್ದರಿಂದ ಟಿಫ್‌ವೇ, ಟಿಫ್‌ಡ್ವಾರ್ಫ್, ಟಿಫ್‌ಈಗಲ್ ಅಂತ ಹೆಸರು. ಇವು ಬೀಜ ಕಟ್ಟುವುದಿಲ್ಲ. ಒಂದು ಕಡೆ ಸತ್ತರೆ ಬೇರೆ ಕಡೆಯಿಂದ ಬಳ್ಳಿ ತಂದು ನೆಡಬೇಕು.

ಇಲ್ಲಿ ಒಂದು ತಮಾಷೆ ಇದೆ. ಈ ಹೈಬ್ರಿಡ್ ಗರಿಕೆಯ ಗ್ರೀನಿನೊಳಗೆ ನಾಟಿ ಗರಿಕೆ ಬಂದುಬಿಟ್ಟರೆ ಅದು ಕಳೆ. ಬಣ್ಣ ಬೇರೆ, ಎಲೆ ಒರಟು. ಚೆಂಡು ಅದರ ಮೇಲೆ ಹೋದರೆ ಒಂಚೂರು ಅಲುಗುತ್ತದೆ. ಅದಕ್ಕೆ ಹೆಂಗಸರು ಸಾಲಾಗಿ ಕುಕ್ಕರುಗಾಲಲ್ಲಿ ಕೂತು, ಚಿಕ್ಕ ಚಾಕು ಹಿಡಿದು, ಒಂದೊಂದೇ ಎಳೆ ಹುಡುಕಿ ಬೇರು ಸಮೇತ ಎತ್ತುತ್ತಾರೆ. ಗರಿಕೆಯ ನಡುವಿನಿಂದ ಗರಿಕೆ ಕೀಳುವ ಕೆಲಸ. ಹಳ್ಳಿಯಿಂದ ಹೊಸದಾಗಿ ಬಂದ ಹೆಂಗಸೊಬ್ಬಳು "ಎರಡೂ ಒಂದೇ ಅಲ್ವೇನಣ್ಣ?" ಅಂತ ನನ್ನನ್ನು ಕೇಳಿದ್ದಳು. ವಾರ ಕಳೆಯುವಷ್ಟರಲ್ಲಿ ನನಗಿಂತ ಬೇಗ ಗುರುತು ಹಿಡಿಯುತ್ತಿದ್ದಳು.

ಗ್ರೀನ್ ಹೊರಗಿನಿಂದ ನೋಡುವುದಕ್ಕೆ ಹುಲ್ಲುಹಾಸು. ಒಳಗೆ ಅದೊಂದು ದೊಡ್ಡ ಹೂಕುಂಡ ಅಂದುಕೊಳ್ಳಿ. ತಳದಲ್ಲಿ ನೀರು ಬಸಿಯುವ ಪೈಪು. ಅದರ ಮೇಲೆ ನಾಲ್ಕು ಇಂಚು ಜಲ್ಲಿ. ಅದರ ಮೇಲೆ ಹನ್ನೆರಡು ಇಂಚು, ಹೆಚ್ಚುಕಡಿಮೆ ಬರೀ ಮರಳು. ಅಮೆರಿಕದ ಗಾಲ್ಫ್ ಸಂಸ್ಥೆ ಯುಎಸ್‌ಜಿಎ 1960ರಲ್ಲಿ ಕೊಟ್ಟ ಮಾದರಿ ಇದು. ಮಳೆ ಬಂದರೆ ನೀರು ನಿಲ್ಲದೆ ಇಳಿಯಬೇಕು, ಎಷ್ಟು ತುಳಿದರೂ ನೆಲ ಗಟ್ಟಿಯಾಗಬಾರದು ಅನ್ನುವುದು ಉದ್ದೇಶ. ಬೆಂಗಳೂರಿನ ಸೆಪ್ಟೆಂಬರ್, ಅಕ್ಟೋಬರ್ ಮಳೆಗೆ ಇದು ಒಳ್ಳೆಯದೇ. ಆದರೆ ಮರಳಿನಲ್ಲಿ ನೀರೂ ನಿಲ್ಲಲ್ಲ, ಗೊಬ್ಬರವೂ ನಿಲ್ಲಲ್ಲ. ಸ್ವಲ್ಪ ಸ್ವಲ್ಪವೇ, ಪದೇಪದೇ ಕೊಡುತ್ತಾ ಇರಬೇಕು. ಆ ಮರಳನ್ನೂ ಆಗಾಗ ಮೇಲಿಂದ ತೆಳುವಾಗಿ ಹರಡಬೇಕು. ನದಿ ಮರಳು ಸಿಗುವುದೇ ಕಷ್ಟವಾಗಿ ಕಟ್ಟಡದವರೆಲ್ಲ ಎಂ-ಸ್ಯಾಂಡ್‌ಗೆ ಹೋದರು. ನಾವು ಹೋಗುವ ಹಾಗಿಲ್ಲ. ಎಂ-ಸ್ಯಾಂಡ್ ಕಣ ಚೂಪು, ಪುಡಿ ಜಾಸ್ತಿ, ಬಸಿಯುವ ದಾರಿಯೇ ಕಟ್ಟಿಕೊಳ್ಳುತ್ತದೆ. ಹಾಗಾಗಿ ಸೋಸಿದ, ಒಂದೇ ಅಳತೆಯ ಮರಳಿಗೆ ಕೇಳಿದಷ್ಟು ಕೊಟ್ಟು ತರಬೇಕು.

ಬೆಳಿಗ್ಗೆ ಮೊದಲ ಆಟಗಾರ ಬರುವ ಮುಂಚೆ ಗ್ರೀನ್ ಕತ್ತರಿಸಿ ಮುಗಿದಿರಬೇಕು. ಕತ್ತರಿಸುವ ಯಂತ್ರಕ್ಕೆ ಮೋವರ್ ಅಂತಾರೆ. ಅದರಲ್ಲಿ ಸುತ್ತುವ ರೀಲ್ ಇರುತ್ತದೆ, ಅದಕ್ಕೆ ಹನ್ನೊಂದು ಬ್ಲೇಡು. ಕೆಳಗೆ ಅಲುಗಾಡದ ಒಂದು ಬ್ಲೇಡು. ಎರಡರ ನಡುವಿನ ಸಂದು ಕಾಗದದಷ್ಟು. ಮೆಕ್ಯಾನಿಕ್ ಪೇಪರಿನ ಒಂದು ಪಟ್ಟಿ ಹರಿದು ಸಂದಿಗೆ ಹಿಡಿದು, ರೀಲನ್ನು ಕೈಯಲ್ಲಿ ನಿಧಾನಕ್ಕೆ ತಿರುಗಿಸುತ್ತಾನೆ. ಕಾಗದ ಕತ್ತರಿಯಲ್ಲಿ ಕತ್ತರಿಸಿದ ಹಾಗೆ ನೀಟಾಗಿ ತುಂಡಾದರೆ ಸರಿ. ಮಡಚಿಕೊಂಡರೆ ಮತ್ತೆ ತಿರುಪು ಬಿಗಿಮಾಡು. ಈ ಕಡೆಯಿಂದ ಆ ಕಡೆಯವರೆಗೂ ಹೀಗೇ ನೋಡಬೇಕು. ಬ್ಲೇಡು ಮೊಂಡಾದರೆ ಹುಲ್ಲು ಕತ್ತರಿಸುವುದಿಲ್ಲ, ಕಿತ್ತುಹೋಗುತ್ತದೆ. ಮಾರನೇ ದಿನ ಹುಲ್ಲಿನ ತುದಿಯೆಲ್ಲ ಬೂದು ಬಣ್ಣ, ಅದರ ಹಿಂದೆಯೇ ರೋಗ. ಈ ಯಂತ್ರ, ಬ್ಲೇಡು, ಬೇರಿಂಗು ಹೆಚ್ಚಿನವು ಹೊರದೇಶದಿಂದ ಬರುತ್ತವೆ. 2010ರಲ್ಲಿ ಡಾಲರಿಗೆ 45 ರೂಪಾಯಿ ಆಸುಪಾಸು ಇತ್ತು. ಈಗ 85 ದಾಟಿದೆ. ಯಂತ್ರದ ಬೆಲೆ ಅಲ್ಲಿ ಏರದಿದ್ದರೂ ಇಲ್ಲಿ ಹೆಚ್ಚುಕಡಿಮೆ ಎರಡರಷ್ಟು.

ಸರಿ, ಎಷ್ಟು ಗಿಡ್ಡ ಕತ್ತರಿಸಬೇಕು? ಜಗಳ ಇರುವುದು ಇಲ್ಲೇ.

ಎಡ್ವರ್ಡ್ ಸ್ಟಿಂಪ್ಸನ್ ಅಂತ ಒಬ್ಬರು ಅಮೆರಿಕದವರು. 1935ರಲ್ಲಿ ಓಕ್‌ಮಾಂಟ್ ಕೋರ್ಸಿನಲ್ಲಿ ಯುಎಸ್ ಓಪನ್ ಟೂರ್ನಿ ನೋಡಲು ಹೋದರು. ಅಲ್ಲಿನ ಗ್ರೀನುಗಳು ಜಾರುಬಂಡೆ ಥರ ಇದ್ದವು. ಚೆಂಡು ಎಷ್ಟು ಜೋರಾಗಿ ಹೋಗುತ್ತದೆ ಅನ್ನುವುದನ್ನು ಅಳೆಯೋಕೆ ಒಂದು ಸಾಧನ ಮಾಡಿದರು. ಅದೇ ಸ್ಟಿಂಪ್‌ಮೀಟರ್. ಯುಎಸ್‌ಜಿಎ ಅದನ್ನು 1970ರ ದಶಕದಲ್ಲಿ ಸುಧಾರಿಸಿ ಕೋರ್ಸುಗಳಿಗೆ ಹಂಚಿತು. ಮೂರಡಿ ಉದ್ದದ ಅಲ್ಯೂಮಿನಿಯಂ ಪಟ್ಟಿ, ನಡುವೆ ಉದ್ದಕ್ಕೂ ಕಾಲುವೆ, ಮೇಲ್ಗಡೆ ಚೆಂಡು ಕೂರುವ ಒಂದು ಕಚ್ಚು. ಪಟ್ಟಿಯನ್ನು ನಿಧಾನಕ್ಕೆ ಎತ್ತುತ್ತಾ ಹೋದರೆ ಸುಮಾರು 20 ಡಿಗ್ರಿಯಲ್ಲಿ ಚೆಂಡು ತಾನಾಗೇ ಬಿಟ್ಟುಕೊಂಡು ಉರುಳುತ್ತದೆ. ಎಷ್ಟು ಅಡಿ ಹೋಗಿ ನಿಂತಿತು ಅಂತ ಟೇಪು ಹಿಡಿಯುವುದು. ಆ ಕಡೆಗೆ ಮೂರು ಸಲ, ಈ ಕಡೆಗೆ ಮೂರು ಸಲ, ಸರಾಸರಿ ತೆಗೆಯುವುದು. ಅಷ್ಟೇ.

ಒಂದೇ ಕೋರ್ಸಿನ ಹದಿನೆಂಟು ಗ್ರೀನುಗಳೂ ಒಂದೇ ಹದದಲ್ಲಿ ಇವೆಯಾ ಅಂತ ನೋಡಿಕೊಳ್ಳಲಿ ಎಂದು ಇದನ್ನು ಕೊಟ್ಟದ್ದು. ಆದರೆ ಯಾವುದಕ್ಕಾದರೂ ಒಂದು ನಂಬರ್ ಕೊಟ್ಟುಬಿಟ್ಟರೆ ಮನುಷ್ಯ ಸುಮ್ನೆ ಕೂರುತ್ತಾನಾ? ಆ ಕ್ಲಬ್ಬಿನಲ್ಲಿ ಹತ್ತು, ನಮ್ಮಲ್ಲಿ ಯಾಕೆ ಒಂಬತ್ತು? ಶುರುವಾಯಿತು. 1970ರ ದಶಕದಲ್ಲಿ ಅಮೆರಿಕದ ಗ್ರೀನುಗಳನ್ನು ಅಳೆದಾಗ ಸರಾಸರಿ ಬಂದದ್ದು ಸುಮಾರು ಆರೂವರೆ ಅಡಿ. ಇವತ್ತು ದೊಡ್ಡ ಟೂರ್ನಿಗಳಲ್ಲಿ ಹನ್ನೆರಡು, ಹದಿಮೂರು ಅಡಿ. ಆಗ ಅತಿವೇಗ ಅನ್ನಿಸಿಕೊಂಡಿದ್ದು ಈಗ ಸಾಮಾನ್ಯ ಕ್ಲಬ್ಬಿನಲ್ಲಿ "ಸ್ವಲ್ಪ ಸ್ಲೋ ಅಲ್ವಾ?"

ವೇಗ ಬೇಕಾದರೆ ಹುಲ್ಲು ಗಿಡ್ಡ ಆಗಬೇಕು. ಐದು ಮಿಲಿಮೀಟರ್ ಇದ್ದದ್ದು ನಾಲ್ಕು, ಆಮೇಲೆ ಮೂರು. ಒಂದು ಮಿಲಿಮೀಟರ್ ಏನು ಮಹಾ ಅನ್ನಿಸಬಹುದು. ಆದರೆ ಗಿಡ ಅಡುಗೆ ಮಾಡಿಕೊಳ್ಳುವುದು ಎಲೆಯಲ್ಲಿ. ಎಲೆ ಕಮ್ಮಿಯಾದಷ್ಟೂ ಬೇರು ಮೇಲೆ ಬರುತ್ತದೆ. ಬೇರು ಮೇಲೆ ಬಂದರೆ ಮಧ್ಯಾಹ್ನದ ಬಿಸಿಲಿಗೆ ತಡೆಯಲ್ಲ, ಇನ್ನೊಂದು ಸಲ ನೀರು ಚಿಮುಕಿಸಬೇಕು. ಬಾಡಿದ ಹುಲ್ಲಿಗೆ ಶಿಲೀಂಧ್ರ ಬೇಗ ಹತ್ತುತ್ತದೆ, ಔಷಧಿ ಹೊಡೆಯಬೇಕು. ಜುಲೈನಲ್ಲಿ ವಾರಗಟ್ಟಲೆ ಮೋಡ ಕವಿದರೆ ಇನ್ನೂ ಕಷ್ಟ. ಗರಿಕೆ ಬಿಸಿಲಿನ ಗಿಡ. ನೆರಳು ಅದಕ್ಕೆ ಆಗಿಬರಲ್ಲ. ಮೋಡವೂ ಇದ್ದು, ಎಲೆಯೂ ಇಲ್ಲದಿದ್ದರೆ ಗ್ರೀನ್ ತೆಳುವಾಗಿ, ನಡುವೆ ಪಾಚಿ ಕಟ್ಟುತ್ತದೆ. ಒಂದು ಮಿಲಿಮೀಟರಿಗೆ ನೀರು, ಔಷಧಿ, ಗೊಬ್ಬರ, ಆಳು, ಯಂತ್ರ ಎಲ್ಲದರ ಬಿಲ್ಲೂ ಏರುತ್ತದೆ. ಅದರಿಂದ ವಾರಾಂತ್ಯದ ಆಟಗಾರರಿಗೆ ಸಿಗುವುದು ಒಂದೊಂದು ಗ್ರೀನಿನಲ್ಲಿ ಮೂರು ಮೂರು ಹೊಡೆತ. ಆಟವೂ ನಿಧಾನ. ಆಮೇಲೆ ಆಟ ನಿಧಾನವಾಯಿತು ಅಂತ ಇನ್ನೊಂದು ದೂರು.

ಇನ್ನು ಬಣ್ಣ. ಏಪ್ರಿಲ್ ಎರಡನೇ ವಾರ ಅಮೆರಿಕದ ಅಗಸ್ಟಾದಲ್ಲಿ ಮಾಸ್ಟರ್ಸ್ ಅನ್ನುವ ದೊಡ್ಡ ಗಾಲ್ಫ್ ಟೂರ್ನಿ ನಡೆಯುತ್ತದೆ. 1966ರಿಂದ ಅದು ಕಲರ್ ಟಿವಿಯಲ್ಲಿ ಬರುತ್ತಿದೆ. ಹಸಿರು ಅಂದರೆ ಅಂಥಿಂಥ ಹಸಿರಲ್ಲ. ಒಣಗಿದ ಒಂದು ಎಲೆ ಕಾಣಲ್ಲ. ನಮ್ಮಲ್ಲಿ ಅದು ಮುಗಿಯುವುದು ಸೋಮವಾರ ಬೆಳಗಿನ ಜಾವ. ಆ ವಾರವೇ ನನಗೆ ಫೇರ್‌ವೇ ಬಗ್ಗೆ ದೂರು ಬರುತ್ತಿತ್ತು. ಫೇರ್‌ವೇ ಅಂದರೆ ಆಟ ಶುರುಮಾಡುವ ಕಡೆಯಿಂದ ಗ್ರೀನಿನವರೆಗೆ ಚಾಚಿದ ಹುಲ್ಲಿನ ಹಾದಿ. "ಏನ್ರೀ ಇದು, ಫೇರ್‌ವೇ ಎಲ್ಲ ಹಳದಿ ಹೊಡೀತಿದೆ? ಟಿವಿ ನೋಡಿದ್ರಾ?" ಸರ್, ನೋಡಿದೆ. ಅಗಸ್ಟಾದಲ್ಲಿ ಅದು ವಸಂತ. ಇಲ್ಲಿ ಬೋರ್‌ವೆಲ್ ಬತ್ತುವ ತಿಂಗಳು. ಅವರ ಫೇರ್‌ವೇಯಲ್ಲೂ ತಳದಲ್ಲಿ ಇರುವುದು ಇದೇ ಬರ್ಮುಡಾ. ಚಳಿಗೆ ಅದು ಕಂದಿ ಮಲಗಿದಾಗ ಮೇಲೆ ರೈ ಹುಲ್ಲಿನ ಬೀಜ ಬಿತ್ತಿ ಹಸಿರು ಮಾಡಿರುತ್ತಾರೆ. ಬೇಸಿಗೆಯಲ್ಲಿ ತಿಂಗಳುಗಟ್ಟಲೆ ಕೋರ್ಸು ಮುಚ್ಚಿಯೇ ಬಿಡುತ್ತಾರೆ. ಇಲ್ಲಿ ವಾರಕ್ಕೊಂದು ದಿನ ಮುಚ್ಚುತ್ತೇವೆ ಅಂದರೂ ಮುಖ ಸಿಂಡರಿಸುತ್ತಾರೆ.

ನೀರಿನ ಲೆಕ್ಕ ಹಾಕೋಣ. ಒಂದು ಎಕರೆಗೆ ಒಂದು ಮಿಲಿಮೀಟರ್ ನೀರು ನಿಲ್ಲಿಸಲು ಸುಮಾರು 4,000 ಲೀಟರ್ ಬೇಕು. ಏಪ್ರಿಲ್ ಬಿಸಿಲಿನಲ್ಲಿ ಬರ್ಮುಡಾ ಹಸಿರಾಗಿ ಇರಬೇಕಾದರೆ ದಿನಕ್ಕೆ ನಾಲ್ಕು ಮಿಲಿಮೀಟರಾದರೂ ಕೊಡಬೇಕು. ಎಕರೆಗೆ 16,000 ಲೀಟರ್ ಆಯಿತು. ಹದಿನೆಂಟು ಗ್ರೀನೂ ಸೇರಿಸಿದರೆ ಎರಡೂವರೆ ಎಕರೆ ಅಂದುಕೊಳ್ಳಿ. ದಿನಕ್ಕೆ 40,000 ಲೀಟರ್. ಫೇರ್‌ವೇ ಮೂವತ್ತು ಎಕರೆ ಅಂದುಕೊಳ್ಳಿ. 4,80,000 ಲೀಟರ್. 2024ರ ಮಾರ್ಚಿನಲ್ಲಿ ಜಿಲ್ಲಾಡಳಿತ ಟ್ಯಾಂಕರಿಗೆ ದರ ಕಟ್ಟಿತಲ್ಲ, 12,000 ಲೀಟರಿಗೆ ಐದು ಕಿಲೋಮೀಟರ್ ಒಳಗೆ 1,000 ರೂಪಾಯಿ. ಆ ಲೆಕ್ಕದಲ್ಲಿ ಗ್ರೀನುಗಳಿಗೆ ಮೂರೂ ಚಿಲ್ಲರೆ ಟ್ಯಾಂಕರ್ ಸಾಕು. ಫೇರ್‌ವೇ ಹಸಿರಾಗಿ ಕಾಣಬೇಕು ಅಂದರೆ ನಲವತ್ತು ಟ್ಯಾಂಕರ್, ಒಂದು ದಿನಕ್ಕೆ. ಫೇರ್‌ವೇ ಪಕ್ಕದ ಉದ್ದ ಹುಲ್ಲಿನ ಜಾಗಕ್ಕೆ ರಫ್ ಅಂತಾರೆ, ಅದನ್ನು ನಾನು ಲೆಕ್ಕಕ್ಕೇ ಹಿಡಿದಿಲ್ಲ.

ಟ್ಯಾಂಕರ್ ತರಿಸಿ ಗಾಲ್ಫ್ ಕೋರ್ಸಿಗೆ ಸುರಿಯುತ್ತಾರೆ ಅಂತ ನಾನು ಹೇಳುತ್ತಿಲ್ಲ. ನೀರಿಗೆ ಬೆಲೆ ಕಟ್ಟಿ ತೋರಿಸಿದೆ, ಅಷ್ಟೇ. ಆ ವರ್ಷ ಜಲಮಂಡಳಿ ಕುಡಿಯುವ ನೀರನ್ನು ಕಾರು ತೊಳೆಯಲು, ಗಾರ್ಡನ್‌ಗೆ ಬಳಸಿದರೆ 5,000 ರೂಪಾಯಿ ದಂಡ ಅಂದಿತ್ತು. ಕೋರ್ಸುಗಳಿಗೆ ಸರಿಯಾದ ದಾರಿ ಶುದ್ಧೀಕರಿಸಿದ ಕೊಳಚೆ ನೀರು. ಅದೂ ಪುಕ್ಕಟೆ ಅಲ್ಲ. ಅದರಲ್ಲಿ ಉಪ್ಪು ಇರುತ್ತದೆ. ವರ್ಷಗಟ್ಟಲೆ ಹಾಕಿದರೆ ಮಣ್ಣಿನಲ್ಲಿ ಸೋಡಿಯಂ ಕೂರುತ್ತದೆ, ಜಿಪ್ಸಂ ಹಾಕಬೇಕು. ಸ್ಪ್ರಿಂಕ್ಲರ್ ಬಾಯಿ ಕಟ್ಟಿಕೊಳ್ಳುತ್ತದೆ. ಕೆಲವು ದಿನ ವಾಸನೆಗೂ ದೂರು. ಇದರ ಜೊತೆಗೆ ನೆನಪಿಡಿ, ಕೆಜಿಎ ಕೋರ್ಸು ಇರುವುದು ಚಲ್ಲಘಟ್ಟ ಕೆರೆ ಇದ್ದ ಜಾಗದಲ್ಲಿ. ಕೆರೆಯ ಅಂಗಳದಲ್ಲಿ ಹುಲ್ಲು ಬೆಳೆಸಿ ನೀರಿಗೆ ದಾರಿ ಹುಡುಕುವುದು ಬೆಂಗಳೂರಿನಲ್ಲಿ ಮಾತ್ರ ಸಾಧ್ಯ ಅನ್ನಿಸುತ್ತದೆ. ಬಸ್ ನಿಲ್ದಾಣ, ಸ್ಟೇಡಿಯಂಗಳ ಕಥೆಯೂ ಅದೇ ಆದ್ದರಿಂದ ಗಾಲ್ಫನ್ನೊಂದನ್ನೇ ಬೈಯುವುದೂ ಸರಿಯಲ್ಲ.

ನಾನು ಕೇಳುವುದು ಇಷ್ಟು. ಗ್ರೀನಿಗೆ ನೀರು ಕೊಡೋಣ. ಫೇರ್‌ವೇಯನ್ನು ಫೆಬ್ರವರಿಯಿಂದ ಒಣಗಲು ಬಿಡೋಣ. ಗರಿಕೆ ಒಣಗಿದರೆ ಸಾಯಲ್ಲ. ಮೇಲೆ ಕಂದು, ಕೆಳಗೆ ಬಳ್ಳಿ ಜೀವ ಹಿಡಿದುಕೊಂಡಿರುತ್ತದೆ. ಅದು ಸಾಯದಷ್ಟು, ಎಂಟು ಹತ್ತು ದಿನಕ್ಕೊಮ್ಮೆ ಒಂದಿಷ್ಟು ನೀರು ಕೊಟ್ಟರೆ ನಡೆಯುತ್ತದೆ. ಭರಣಿ ಮಳೆ ಬಿದ್ದರೆ ಧರಣಿಯೆಲ್ಲ ಬೆಳೆ ಅಂತಾರಲ್ಲ, ಒಂದೆರಡು ಒಳ್ಳೆಯ ಮಳೆ ಬಿದ್ದು ವಾರ, ಹತ್ತು ದಿನ ಕಳೆದರೆ ತಾನಾಗೇ ಹಸಿರು.

"ಒಣ ನೆಲದಲ್ಲಿ ಗಾಲ್ಫ್ ಆಡೋದಾ?" ಅನ್ನುವವರಿಗೆ ಒಂದೆರಡು ಉದಾಹರಣೆ. 2006ರಲ್ಲಿ ಇಂಗ್ಲೆಂಡಿನ ಹಾಯ್‌ಲೇಕ್‌ನಲ್ಲಿ ಬ್ರಿಟಿಷ್ ಓಪನ್ ನಡೆಯಿತು. ಬಿಸಿಲಿಗೆ ಕೋರ್ಸು ಪೂರ್ತಿ ಕಂದು. ಚೆಂಡು ನೆಲಕ್ಕೆ ಬಿದ್ದರೆ ನಿಲ್ಲುತ್ತಲೇ ಇರಲಿಲ್ಲ. ಟೈಗರ್ ವುಡ್ಸ್ ನಾಲ್ಕೂ ದಿನ ಸೇರಿ ಡ್ರೈವರನ್ನು, ಅಂದರೆ ಅತಿ ದೂರ ಹೊಡೆಯುವ ಉದ್ದ ದಾಂಡನ್ನು, ಒಂದೇ ಒಂದು ಸಲ ಹೊರಗೆ ತೆಗೆದ. ಉಳಿದಂತೆ ಹೆಚ್ಚಾಗಿ ಐರನ್ ಅನ್ನುವ ಗಿಡ್ಡ ದಾಂಡಿನಲ್ಲೇ ಹೊಡೆದು, ಚೆಂಡನ್ನು ಓಡಿಸಿಕೊಂಡು ಹೋಗಿ ಗೆದ್ದ. ಬುದ್ಧಿ ಓಡಿಸಿ ಆಡಿದ ಆಟ ಅಂತ ಇವತ್ತಿಗೂ ಅದನ್ನು ನೆನೆಯುತ್ತಾರೆ. ಅಮೆರಿಕದ ಪೈನ್‌ಹರ್ಸ್ಟ್ ನಂಬರ್ 2 ಕೋರ್ಸಿನಲ್ಲಿ 2010–11ರಲ್ಲಿ ಎಕರೆಗಟ್ಟಲೆ ಹುಲ್ಲನ್ನು ಕಿತ್ತು ಮರಳು, ಕಾಡುಗಿಡ ಇದ್ದ ಹಾಗೆ ಬಿಟ್ಟರು. ಸ್ಪ್ರಿಂಕ್ಲರುಗಳನ್ನು 1,150ರಿಂದ ಸುಮಾರು 450ಕ್ಕೆ ಇಳಿಸಿದರು. 2014ರ ಯುಎಸ್ ಓಪನ್ ಅಲ್ಲೇ ನಡೆಯಿತು.

ಅಷ್ಟು ದೂರ ಯಾಕೆ, ಕೆಜಿಎ ಕೋರ್ಸಿನ ವಿನ್ಯಾಸ ಮಾಡಿದ್ದು ಆಸ್ಟ್ರೇಲಿಯಾದ ಪೀಟರ್ ಥಾಮ್ಸನ್. ಬ್ರಿಟಿಷ್ ಓಪನ್ನನ್ನು ಐದು ಸಲ ಗೆದ್ದವರು, ಇಂಡಿಯನ್ ಓಪನ್ನನ್ನು ಮೂರು ಸಲ. ಅವರು ಆಡಿ ಬೆಳೆದದ್ದು ಮೆಲ್ಬರ್ನಿನ ಗಟ್ಟಿ, ಮರಳು ನೆಲದ ಮೇಲೆ. ಚೆಂಡನ್ನು ಆಕಾಶಕ್ಕೆ ಎತ್ತುವುದಕ್ಕಿಂತ ನೆಲದ ಮೇಲೆ ಓಡಿಸುವುದರಲ್ಲಿ ಪಳಗಿದವರು. ಅಂಥವರ ಕೋರ್ಸು ಏಪ್ರಿಲ್‌ನಲ್ಲಿ ಸ್ವಲ್ಪ ಕಂದಾದರೆ ಅವಮಾನ ಏನಿದೆ?

ಈ ಖರ್ಚಿನ ಬಿಸಿ ಕೊನೆಗೆ ತಟ್ಟುವುದು ಯಾರಿಗೆ? ಹಳೆಯ ಸದಸ್ಯರು ಗೊಣಗಿಕೊಂಡು ಕಟ್ಟುತ್ತಾರೆ. ಬಾಗಿಲು ಮುಚ್ಚುವುದು ಹೊಸಬರಿಗೆ. ಬೆಂಗಳೂರಿನ ಹುಡುಗಿ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯವಳಾಗಿ ಬಂದಾಗ ಇಡೀ ದೇಶ ಬೆಳಿಗ್ಗೆ ಬೇಗ ಎದ್ದು ಗಾಲ್ಫ್ ನೋಡಿತು. ಅವರಮ್ಮನೇ ಅಲ್ಲಿ ಕ್ಯಾಡಿಯಾಗಿ ಬ್ಯಾಗು ಹೊತ್ತಿದ್ದರು. ಬಿಡದಿ ಕಡೆಯ ಚಿಕ್ಕರಂಗಪ್ಪ ಊರಿನ ಪಕ್ಕದ ಕೋರ್ಸಿನಲ್ಲಿ ಕ್ಯಾಡಿಯಾಗಿ ಶುರುಮಾಡಿ ವೃತ್ತಿಪರ ಆಟಗಾರನಾಗಿ ಪ್ರಶಸ್ತಿ ಗೆದ್ದವರು. ಇವರ ಥರದ ಇನ್ನೊಬ್ಬರು ಬರಬೇಕಾದರೆ ಮೊದಲು ಕೋರ್ಸಿನ ಒಳಗೆ ಕಾಲಿಡುವ ಹಾಗಿರಬೇಕು. ಒಂದು ಸುತ್ತು ಆಡುವ ದರವನ್ನು ಹುಲ್ಲಿನ ಬಣ್ಣ ಏರಿಸುತ್ತಿದ್ದರೆ ಅದು ಆಗುವುದು ಹೇಗೆ?

ನನ್ನ ಮಾತು ಇಷ್ಟು. ಪ್ರಶ್ನೆಗಳಿದ್ದವು.

ಹಿರಿಯರೊಬ್ಬರು ನೇರವಾಗಿಯೇ ಕೇಳಿದರು: "ಇಷ್ಟೆಲ್ಲ ಕಷ್ಟ ಯಾಕೆ? ಕೋರ್ಸು ಮುಚ್ಚಿ ಪಾರ್ಕ್ ಮಾಡಿಬಿಟ್ಟರೆ ಆಗಲ್ವಾ?" ಬೆಂಗಳೂರಿನಲ್ಲಿ ಮುಚ್ಚಿದ ಜಾಗ ಪಾರ್ಕ್ ಆಗುತ್ತದೆ ಅಂತ ನನಗೆ ನಂಬಿಕೆ ಇಲ್ಲ ಸ್ವಾಮಿ, ಅಂದೆ. ಜನ ನಕ್ಕರು. ಮುಚ್ಚದೆಯೂ ಎಲ್ಲರಿಗೂ ತೆರೆದಿಡಬಹುದು. ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್‌ನ ಓಲ್ಡ್ ಕೋರ್ಸ್ ಗಾಲ್ಫಿನ ತವರು. ಅದು ಸಾರ್ವಜನಿಕ ಜಾಗ. ಸಾಮಾನ್ಯವಾಗಿ ಭಾನುವಾರ ಅಲ್ಲಿ ಆಟ ಇರುವುದಿಲ್ಲ. ಊರಿನವರು ನಾಯಿ ಕರೆದುಕೊಂಡು ವಾಕ್ ಮಾಡುತ್ತಾರೆ. ದೆಹಲಿಯಲ್ಲಿ ಅಲ್ಲಿನ ಅಭಿವೃದ್ಧಿ ಪ್ರಾಧಿಕಾರವೇ ಕುತುಬ್ ಗಾಲ್ಫ್ ಕೋರ್ಸ್ ನಡೆಸುತ್ತದೆ, ಸದಸ್ಯರಲ್ಲದವರೂ ದುಡ್ಡು ಕೊಟ್ಟು ಆಡಬಹುದು. ನಮ್ಮಲ್ಲೂ ಅಂಥದ್ದೊಂದು ಆದರೆ, ಒಂಬತ್ತೇ ಕುಳಿ ಇದ್ದರೂ ಸಾಕು, ಬೇಸಿಗೆಯಲ್ಲಿ ಕಂದು ಇದ್ದರೂ ಸಾಕು.

ಇನ್ನೊಬ್ಬರ ಪ್ರಶ್ನೆ ಮಗಳ ಬಗ್ಗೆ. ಹತ್ತು ವರ್ಷ, ಗಾಲ್ಫ್ ಕಲಿಯುತ್ತೇನೆ ಅಂತಿದ್ದಾಳೆ, ಎಷ್ಟು ಖರ್ಚಾಗುತ್ತದೆ? ಮೊದಲೇ ಪೂರ್ತಿ ಸೆಟ್ ತೆಗೆಯಬೇಡಿ, ಅಂದೆ. ಒಂದು ಏಳನೇ ನಂಬರ್ ಐರನ್, ಗ್ರೀನಿನ ಮೇಲೆ ಚೆಂಡು ಉರುಳಿಸೋಕೆ ಒಂದು ಪಟರ್, ಎರಡೂ ಸೆಕೆಂಡ್ ಹ್ಯಾಂಡ್. ಹೊಡೆತ ಅಭ್ಯಾಸ ಮಾಡುವ ಡ್ರೈವಿಂಗ್ ರೇಂಜ್‌ಗೆ ಹೋಗಿ, ಅಲ್ಲಿ ಬಕೆಟ್ ಲೆಕ್ಕದಲ್ಲಿ ಚೆಂಡು ಕೊಡುತ್ತಾರೆ. ಕೋರ್ಸಿಗೆ ಹೋಗುವ ಹಂತ ಬಂದಾಗ ಹೊಸ ಚೆಂಡು ಕೊಳ್ಳಬೇಡಿ. ಕೊಳದಿಂದ ಎತ್ತಿದ ಚೆಂಡು ಕ್ಯಾಡಿಗಳ ಹತ್ತಿರ ಕಮ್ಮಿ ಬೆಲೆಗೆ ಸಿಗುತ್ತದೆ. ಹೇಗೂ ಅವಳು ಮತ್ತೆ ಅದೇ ಕೊಳಕ್ಕೆ ಹೊಡೆಯುತ್ತಾಳೆ.